ಗಾಜಿನಾಚೆಯ ಕಂಠ

ಮಾತು ಹುಟ್ಟುವ ಮೊದಲೇ ನಾದವಾಗಿದ್ದವನೇ, ಕೊರಳು ಕೊರಳಿಗೂ ಬೇರೆಯಾಗಿ ನೆಲೆಸಿ ಒಂದನ್ನು ಮತ್ತೊಂದರಂತೆ ಮಾಡದವನೇ, ಈ ಕಥೆ ಹೇಳುವ ನಾಲಗೆ ಸುಳ್ಳಿಗೆ ಎಡೆಗೊಡದಂತೆ ಕಾಯು.

ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿಸಿ ಮಾರುವ ಕಂಪನಿಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಹಾಡುತ್ತಿದ್ದವಳು ಅವಳು. ವಯಸ್ಸು ನಲವತ್ತನ್ನು ಸಮೀಪಿಸಿದ್ದರೂ, ಸಾಕಿ ಸಂಗೀತ ಕಲಿಸಿದ ದೊಡ್ಡಮ್ಮ ಕರೆಯುತ್ತಿದ್ದ 'ಪುಟ್ಟಿ' ಎಂಬ ಹೆಸರೇ ಕಂಪನಿಯಲ್ಲಿಯೂ ಉಳಿದಿತ್ತು. ಯಾರ ಕಂಠ ಬೇಕೆಂದರೆ ಆ ಕಂಠದಲ್ಲಿ ಹಾಡುವುದು ಅವಳ ಕಸುಬು. ಮೂಲ ಗಾಯಕಿ ಉಸಿರೆಳೆದಲ್ಲಿ ಇವಳೂ ಎಳೆಯಬೇಕು. ಅವರ ದನಿ ನಡುಗಿದಲ್ಲಿ ಇವಳದೂ ನಡುಗಬೇಕು. ಕೊನೆಗೆ ಮೂಲವನ್ನೂ ನಕಲನ್ನೂ ಸಾಲು ಬಿಟ್ಟು ಸಾಲು ಬೆಸೆದು ಅವಳಿಗೇ ಕೇಳಿಸುತ್ತಿದ್ದರು. ತನ್ನದು ಯಾವುದೆಂದು ಅವಳು ಗುರುತಿಸಲಾರದೆ ಹೋದರೆ ಆ ಹಾಡು ಪಾಸು. ಅವಳ ಹೆಸರು ಯಾವ ಧ್ವನಿಸುರುಳಿಯ ಹೊದಿಕೆಯ ಮೇಲೂ ಅಚ್ಚಾಗಿರಲಿಲ್ಲ.

ಹೀಗಿರಲು ಕಂಪನಿಯ ಯಜಮಾನರು ಅವಳನ್ನು ಕರೆದು, ದೊಡ್ಡಮ್ಮ ಹತ್ತೊಂಬತ್ತರ ಪ್ರಾಯದಲ್ಲಿ ಹಾಡಿದ್ದ ಪ್ರಾರ್ಥನೆಯೊಂದನ್ನು ಹಾಡಲು ಹೇಳಿದರು. ಅದರ ಟೇಪು ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದಾಗಲೇ ಸುಟ್ಟುಹೋಗಿತ್ತು. ಉಳಿದಿದ್ದುದು ಪುಟ್ಟಿಯ ಕೊರಳಿನಲ್ಲಿ ಮಾತ್ರ.

"ಅವರು ಕಲಿಸಿದ್ದು ಹೇಗೋ ಹಾಗೇ ಹಾಡು. ಈ ಸಲ ನಿನ್ನ ಹೆಸರೇ ಹಾಕೋಣ. ಅವರಿಗೆ ಈಗ್ಲೇ ಹೇಳ್ಬೇಡ, ಆಶ್ಚರ್ಯ ಆಗ್ಲಿ," ಎಂದರು.

ಮೂರು ದಿನ ಹಾಡಿದಳು. ನಾಲ್ಕನೆಯ ಬೆಳಗ್ಗೆ ಕೇಳಲೆಂದು ಬಂದಾಗ, ಧ್ವನಿಮುದ್ರಣ ಮಾಡುವಾತ ತನ್ನ ಯಂತ್ರದ ಮುಂದೆ ಕುಳಿತಿದ್ದ. ಸದಾ ಮೀಟರಿನ ಮುಳ್ಳಿನ ಮೇಲೆಯೇ ಕಣ್ಣಿಡುತ್ತಿದ್ದುದರಿಂದ ಅವನನ್ನು ಎಲ್ಲರೂ ಮೀಟರಣ್ಣ ಎನ್ನುತ್ತಿದ್ದರು.

"ಇದೇನಣ್ಣಾ, ಏನೋ ಹುರಿದ ಹಾಗೆ ಸದ್ದು ಬರ್ತಿದೆ?"

"ಹಳೇ ಟೇಪಿನ ಸದ್ದಮ್ಮ. ನಾನೇ ಸೇರಿಸಿದ್ದು."

"ಹೊಸ ಹಾಡಿಗೆ ಯಾಕಣ್ಣಾ?"

"ನನ್ನ ಕೇಳ್ಬೇಡ ತಾಯಿ. ಹೊಟ್ಟೆಪಾಡು. ಹೇಳಿದ್ದು ಮಾಡ್ತೀನಿ, ಬಾಯಿಗೆ ಬೀಗ ಹಾಕ್ಕೊಂಡಿರ್ತೀನಿ."

ಮೇಜಿನ ಮೇಲೆ ಹೊದಿಕೆಯ ಅಚ್ಚು ಬಿದ್ದಿತ್ತು. ದೊಡ್ಡಮ್ಮನ ಎಳೆಯ ಪ್ರಾಯದ ಚಿತ್ರ, ದೊಡ್ಡಮ್ಮನ ಹೆಸರು, ಅದರ ಕೆಳಗೆ: 'ಸುಟ್ಟುಹೋಯಿತೆಂದುಕೊಂಡಿದ್ದ ಧ್ವನಿಮುದ್ರಣ ಮರಳಿ ದೊರೆತಿದೆ.' ಪುಟ್ಟಿ ಅದರಲ್ಲಿ ತನ್ನ ಹೆಸರನ್ನು ಹುಡುಕಿದಳು, ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಊರುಗೋಲಿನ ಸದ್ದು ಕೇಳಿಸಿತು. ಆ ನಡಿಗೆಯನ್ನು ಅವಳು ನಿದ್ದೆಯಲ್ಲಿಯೂ ಗುರುತಿಸಬಲ್ಲಳು.

"ಒಳಗೆ ಹೋಗು, ಬೇಗ! ನೀನಿಲ್ಲಿದ್ರೆ ನನ್ನ ಕೆಲಸ ಹೋಯ್ತು," ಎಂದು ಮೀಟರಣ್ಣ ಅವಳನ್ನು ಹಾಡುವ ಕೋಣೆಗೆ ತಳ್ಳಿ ಬಾಗಿಲೆಳೆದ. ನಡುವೆ ದಪ್ಪ ಗಾಜು. ಅವಳು ಅದರ ಕೆಳಗೆ ಕುಕ್ಕರಿಸಿ ಹೆಡ್‌ಫೋನು ಕಿವಿಗಿಟ್ಟಳು. ಆಚೆಯ ಮಾತೆಲ್ಲ ಕಿವಿಯೊಳಗೇ ಆಡಿದಂತೆ ಕೇಳಿಸತೊಡಗಿತು.

"ಅಬ್ಬಾ, ಏನ್ ಚಳಿಯಪ್ಪಾ ಇಲ್ಲಿ! ಹಾಡೋರು ಹಳಸಬಾರದು ಅಂತಾನಾ?" ದೊಡ್ಡಮ್ಮನ ನಗು.

ಜೊತೆಯಲ್ಲೇ ಬಂದಿದ್ದ ಯಜಮಾನರು ನಯವಾಗಿ ಕುಳ್ಳಿರಿಸಿದರು. ಹಾಡು ಹೊರಟಿತು. ಒಂದು ಸಾಲು ಕಳೆಯಿತು, ಎರಡು ಕಳೆಯಿತು.

"ಅಯ್ಯೋ ದೇವರೇ, ನಾನೇ ಇದು!" ದೊಡ್ಡಮ್ಮನ ದನಿ ಒಡೆಯಿತು. "ಇಲ್ಲಿ ಕೇಳಿ, ಪದದ ನಡುವೆ ಉಸಿರು ಮುರಿದೆ ನೋಡಿ! ಆವತ್ತು ಇದಕ್ಕೇ ಬೈಸ್ಕೊಂಡಿದ್ದೆ. ಅದೇ ತಪ್ಪು, ಹಾಗೇ ಇದೆ!"

ಕಲಿಸುವಾಗ ದೊಡ್ಡಮ್ಮ ಅರಿವಿಲ್ಲದೆಯೇ ಹಾಗೆ ಹಾಡಿದ್ದರು. ಅದು ತಪ್ಪೆಂಬುದೇ ಪುಟ್ಟಿಗೆ ಇಂದಿನವರೆಗೆ ತಿಳಿದಿರಲಿಲ್ಲ.

"ದನಿ ನಿಮ್ಮದೇ ಅಂತ ಇಲ್ಲೊಂದು ಸಹಿ ಹಾಕ್ಬಿಡಿ ತಾಯಿ," ಎಂದು ಯಜಮಾನರು ಕಾಗದ ಮುಂದಿಟ್ಟರು. "ಮುಂದಿನ ವಾರದಿಂದ ಸೋಪಿನ ಜಾಹೀರಾತಿನಲ್ಲೂ ನೀವೇ."

"ಸೋಪಿಗಾ? ಆಗ್ಲಿ ಬಿಡಿ, ಕೇಳಿದವರ ಕಿವಿಯಾದ್ರೂ ತೊಳೀಲಿ. ಹಾಡು ಬದುಕಿತಲ್ಲ, ಅಷ್ಟು ಸಾಕು. ಪೆನ್ನು ಕೊಡಿ."

ಹಾಡು ಇನ್ನೂ ನಡೆದೇ ಇತ್ತು. ಸುಮ್ಮನಿದ್ದರೆ, ಜೀವಮಾನದಲ್ಲಿ ಸುಳ್ಳಾಡದ ಮುದುಕಿಯ ಕೈಯಿಂದಲೇ ಸುಳ್ಳು ಬರೆಸಿದಂತೆ. ಬಾಯಿ ಬಿಟ್ಟರೆ ಅನ್ನ ಹೋಗುವುದು. ಅದಕ್ಕಿಂತ ಭಯಂಕರವೆಂದರೆ, ಆ ಮುಖದ ಸಂತೋಷ ತನ್ನ ಕಣ್ಣೆದುರೇ ಆರಿಹೋಗುವುದು. 'ದೊಡ್ಡಮ್ಮಾ, ಬೇಡ' ಎಂದು ಕೂಗಲು ಹೊರಟಳು. ಕೈ ತಡಕಾಡಿ ಮೈಕಿನ ಗುಂಡಿಯೊತ್ತಿತು. ಮಾತು ಬರಲಿಲ್ಲ, ಹಾಡು ಬಂತು.

ಆಚೆಯ ಕೋಣೆಯಲ್ಲಿ ಒಂದೇ ಕಂಠ ಎರಡಾಗಿ ಕೇಳಿಸಿತು. ಒಂದು ಹುರಿದ ಸದ್ದಿನೊಳಗಿಂದ, ಇನ್ನೊಂದು ನಿಚ್ಚಳವಾಗಿ. ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು.

ಪುಟ್ಟಿ ಗಾಜಿನ ಹಿಂದೆ ಎದ್ದು ನಿಂತಳು.

"ಆಚೆ ಬಾರೇ," ಎಂದರು ದೊಡ್ಡಮ್ಮ.

"ತಾಯಿ, ಅದು ಏನಾಯ್ತು ಅಂದ್ರೆ..." ಎಂದು ಯಜಮಾನರು ನಡುವೆ ಬಂದರು.

"ನೀವು ಸುಮ್ನಿರಿ ಸ್ವಾಮಿ." ದೊಡ್ಡಮ್ಮ ಪೆನ್ನಿಗೆ ಮುಚ್ಚಳ ಹಾಕಿ ಕಾಗದವನ್ನು ಅತ್ತ ಸರಿಸಿದರು.

ಪುಟ್ಟಿ ಆಚೆ ಬಂದು, ಹೊಡೆತ ಬೀಳುವುದೆಂದು ಕಣ್ಣು ಮುಚ್ಚಿದಳು. ಆದರೆ ಜ್ವರ ನೋಡುವಂತೆ ಮುದಿಗೈಯೊಂದು ಅವಳ ಕೊರಳ ಮೇಲೆ ಬಂದಿತು.

"ಇದ್ರಲ್ಲಿ ನಿಂದು ಎಲ್ಲಿದೆಯೇ? ನಿಂದು ಒಂದು ಸ್ವರ ಹಾಡು, ಕೇಳ್ತೀನಿ."

ಅವಳು ಬಾಯಿ ತೆರೆದಳು. ಮೊದಲು ಬಂದುದು ಹಿಂದಿನ ತಿಂಗಳು ನಕಲು ಮಾಡಿದ ಗಾಯಕಿಯ ದನಿ. ನುಂಗಿಕೊಂಡು ಮತ್ತೆ ತೆರೆದಳು, ಇನ್ಯಾರದೋ ಬಂತು. ಮೂರನೆಯ ಸಲ ಏನೂ ಬರಲಿಲ್ಲ.

"ಇಲ್ಲ ದೊಡ್ಡಮ್ಮಾ... ಸಿಕ್ತಿಲ್ಲ. ನಂಗೆ ಹೆದರಿಕೆ ಆಗ್ತಿದೆ."

"ನಂಗೇನು ಆಗ್ತಿಲ್ವೇನೇ? ನನ್ನ ದನೀನೇ ನಂಗೆ ಗುರುತು ಸಿಗ್ಲಿಲ್ಲ." ದೊಡ್ಡಮ್ಮ ಊರುಗೋಲು ಕೈಗೆತ್ತಿಕೊಂಡರು. "ನಡಿ ಮನೆಗೆ. ಮೊದಲ್ನೇ ಪಾಠ, ಸರಳೆಯಿಂದ ಶುರು ಮಾಡೋಣ. ಈ ಸಲ ನಾನು ಹಾಡಿ ತೋರಿಸಲ್ಲ. ನೀನೇ ಹುಡುಕ್ಕೋ."

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದರು. ಹಾಡನ್ನು ನಿಲ್ಲಿಸುವುದು ಯಾರಿಗೂ ನೆನಪಾಗಿರಲಿಲ್ಲ. ಅದು ಬೆನ್ನ ಹಿಂದೆ ಬೀದಿಯವರೆಗೂ ಬಂತು. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಇದನ್ನು ಕೇಳಿದ ಸರ್ವರಿಗೂ ಭಗವಂತನು ಅಭಯವನ್ನು ಕೊಡಲಿ; ಕಳೆದುಕೊಂಡವರಿಗೆ ಅವರವರ ಕಂಠ ಮರಳಿ ದೊರೆಯಲಿ; ದೊರೆಯುವ ತನಕ ಕೊರಳ ಮೇಲೆ ಒಲವಿನದೊಂದು ಕೈಯಿರಲಿ.