ಕಡ್ಡಿಯ ಲಿವರ್

“ಆಪರೇಷನ್ ಈಗ ಆಗಲ್ಲಮ್ಮ. ಇವರ ಲಿವರ್ ತಗೊಳ್ಳೋ ಹಾಗಿಲ್ಲ,” ಎಂದರು ಡಾಕ್ಟರು.

ಕಿವಿಗೆ ಬಿದ್ದ ಮಾತು ತಾಯಿಯ ತಲೆಗಿಳಿಯಲಿಲ್ಲ. ಮೇಲಿನ ವಾರ್ಡಿನಲ್ಲಿ ಮಗಳು ಅರಿಶಿನದ ಬಣ್ಣಕ್ಕೆ ತಿರುಗಿ ಮಲಗಿದ್ದಳು. ಅವಳ ತಮ್ಮನ ಲಿವರಿನ ಒಂದು ಭಾಗ ಸಿಕ್ಕರೆ ಬದುಕುತ್ತಾಳೆ ಎಂದಿದ್ದರು. ಆ ತಮ್ಮ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಟೈಲರ್. ಊರವರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದರೂ ತನ್ನ ಪ್ಯಾಂಟು ನಿಲ್ಲಿಸಲು ಬೆಲ್ಟು ಬಿಗಿಯಬೇಕಾದಷ್ಟು ಸಣಕಲ. ಹೊರಗೆ ಕಡ್ಡಿ ಪೈಲ್ವಾನ್, ಮನೆಯಲ್ಲಿ ಬರೀ ಕಡ್ಡಿ.

“ಮೊದಲು ನೋಡಿದಾಗ ಚೆನ್ನಾಗಿದೆ ಅಂದಿದ್ರಲ್ಲ ಡಾಕ್ಟ್ರೇ?”

“ಆಗ ಚೆನ್ನಾಗೇ ಇತ್ತು. ಈಗ ಸೂಜೀಲಿ ತೆಗೆದ ಚೂರು ನೋಡಿ.” ಡಾಕ್ಟರು ಪರದೆ ತಿರುಗಿಸಿದರು. ಗುಲಾಬಿ ಬಣ್ಣದ ಜೀವಕೋಶಗಳ ತುಂಬ ಬಿಳಿಯ ದುಂಡು ತೂತುಗಳು. “ಇದೆಲ್ಲ ಕೊಬ್ಬಿನ ಹನಿ ಕೂತ ಜಾಗ. ಹನಿ ಎಷ್ಟು ಊದಿದೆ ಅಂದ್ರೆ, ಕೋಶದೊಳಗೆ ಮಿಕ್ಕಿದ್ದೆಲ್ಲ ಅಂಚಿಗೆ ಒತ್ತಿಹೋಗಿದೆ. ಇಂಥ ಲಿವರ್ ಕತ್ತರಿಸಿದ್ರೆ ಇಬ್ಬರ ಜೀವಕ್ಕೂ ಅಪಾಯ.”

ತಾಯಿಗೆ ನಗುವೇ ಬಂತು. “ಕೊಬ್ಬಾ? ಇವನಿಗಾ? ಪಕ್ಕೆಲುಬು ಎಣಿಸಬಹುದು ಡಾಕ್ಟ್ರೇ! ಯಾರದ್ದೋ ಚೂರು ಇವನದು ಅಂತಿದ್ದೀರ.”

“ಮೈಮೇಲೆ ಕಾಣಲೇಬೇಕು ಅಂತಿಲ್ಲಮ್ಮ. ಈಚೆಗೆ ಊಟ ಏನಾದ್ರೂ ಬದಲಾಯ್ತಾ?”

ಕಡ್ಡಿ ತಲೆ ತಗ್ಗಿಸಿದ. ಉತ್ತರ ಕೊಟ್ಟಿದ್ದು ತಾಯಿಯೇ, ಅದೂ ಹೆಮ್ಮೆಯಿಂದ.

“ಮತ್ತೆ? ಅವಳಿಗೆ ಜ್ವರ ಬಂದು ಆಪರೇಷನ್ ಮುಂದೆ ಹೋಯ್ತಲ್ಲ, ಅವತ್ತಿಂದ ಇವನ ಆರೈಕೆ ಶುರು ಮಾಡಿದೆ. ಲಿವರ್ ಕೊಡೋ ಮಗ, ಬಲ ಬೇಡ್ವಾ? ಎದ್ದ ಕೂಡಲೇ ಬೆಣ್ಣೆ ಸಕ್ಕರೆ ಕಲಸಿ ಕೊಡ್ತಿದ್ದೆ. ಅಂಗಡಿಗೆ ಸಕ್ಕರೆ ಹಾಕಿದ ಹಣ್ಣಿನ ರಸ, ರಾತ್ರಿ ಕೆನೆ ಹಾಲು. ಸಾಕು ಅಂದ್ರೂ ಬಿಡ್ತಿರಲಿಲ್ಲ. ಇದು ನಿನಗಲ್ಲ ಕಣೋ, ಅಕ್ಕನ ಪಾಲು ಅಂತ ತಿನ್ನು ಅಂತ...”

ಮಾತು ಅಲ್ಲೇ ನಿಂತಿತು. ತಾಯಿ ಪರದೆಯ ಕಡೆ ನೋಡಿದಳು. ತಾನೇ, ತನ್ನ ಕೈಯಾರೆ, ತುತ್ತು ತುತ್ತಾಗಿ.

“ತಿನ್ನಬೇಡಿ ಅಂತ ನಾವೂ ಹೇಳಬೇಕಿತ್ತು,” ಎಂದರು ಡಾಕ್ಟರು ಮೆಲ್ಲಗೆ. “ಸಕ್ಕರೆ, ಬೆಣ್ಣೆ ಎಲ್ಲ ನಿಲ್ಲಿಸಿ ಪಥ್ಯ ಮಾಡಿದ್ರೆ ಕೊಬ್ಬು ಇಳಿಯುತ್ತೆ. ಆದ್ರೆ ವಾರಗಟ್ಟಲೆ ಬೇಕು.”

“ಅಲ್ಲಿವರೆಗೂ ಅಕ್ಕ?” ಎಂದ ಕಡ್ಡಿ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಮೆಟ್ಟಿಲು ಹತ್ತುವಾಗ ಕಡ್ಡಿ ತಾಯಿಯ ತೋಳು ಹಿಡಿದುಕೊಂಡ. ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. ವಾರ್ಡಿನ ಬಾಗಿಲಲ್ಲಿ ಅವನು ಒಳಗೆ ಬರಲಾಗದೆ ನಿಂತುಬಿಟ್ಟ. ತಾಯಿ ಒಬ್ಬಳೇ ಮಂಚದ ಹತ್ತಿರ ಹೋದಳು.

ಮಗಳು ಹಳದಿ ಕಣ್ಣು ತೆರೆದಳು. “ಬಂದ್ಯಾ ಅಮ್ಮ? ಟೆಸ್ಟು ಅಂತ ಬೆಳಗ್ಗಿಂದ ಖಾಲಿ ಹೊಟ್ಟೇಲಿ ಕೂರಿಸಿರ್ತಾರೆ, ಪಾಪ. ಕಡ್ಡಿಗೆ ಏನಾದ್ರೂ ತಿನ್ನಿಸಿದ್ಯಾ?”

ತಾಯಿ ಹೊದಿಕೆಯ ಸುಕ್ಕು ಬಿಡಿಸಿದಳು. ಸುಕ್ಕಿಲ್ಲದ ಕಡೆಯೂ ಬಿಡಿಸಿದಳು.

“ತಿನ್ನಿಸಿದೆ ಕಣೆ,” ಎಂದಳು.