ಕಂಡಿಗೆ ಕೂತವಳು

"ಕುಂಡೆ ಒತ್ತಿ ಕೂತ್ಕೊ ಬೇವರ್ಸಿ. ಒಂದು ತೊಟ್ಟು ನೀರು ಈಚೆ ಬರ್ಲಿಕ್ಕಿಲ್ಲ."

ಧಣಿ ಶಶಿರಾಜ್ ಗದ್ದೆಯಂಚಿನ ಮಣ್ಣಿನ ಹುಣಿ ಮೇಲೆ ಕೊಡೆ ಹಿಡಿದು ನಿಂತಿದ್ದ. ಸೇಸಮ್ಮ ಗದ್ದೆಗೆ ಬೆನ್ನು ಕೊಟ್ಟು ಹುಣಿಯ ಕಂಡಿಯಲ್ಲಿ ಕೂತಳು. ನರಿಕೊಂಬು ಊರಿನ ಆ ತಗ್ಗು ಗದ್ದೆಯ ನೀರಿಗೆ ಹೊರಗೆ ಹೋಗಲು ಅದೊಂದೇ ದಾರಿ. ಕೆಳಗೆ ಧಣಿಯ ಹೊಸ ಮನೆ, ಅಂಗಳ ತುಂಬ ಚಪ್ಪರ. ಇವತ್ತು ಮನೆ ಒಕ್ಕಲು. ಚಪ್ಪರಕ್ಕೆ ನೀರು ನುಗ್ಗದಿರಲೆಂದು ಧಣಿ ಮೊನ್ನೆಯೇ ಮರಳಿನ ಚೀಲ ತುರುಕಿ ಕಂಡಿ ಮುಚ್ಚಿಸಿದ್ದ. ಬೆಳಗಿನ ಮಳೆಗೆ ಚೀಲ ಕೊಚ್ಚಿಹೋಯಿತು. ನೆಂಟರು ಉಣ್ಣುವ ಹೊತ್ತಿಗೆ ಮರಳು ಎಲ್ಲಿಂದ ತರುವುದು? ಆಳು ಹೆಂಗಸು ಇದ್ದಳಲ್ಲ, ಸಾಕು.

ಅವಳನ್ನು ಕರೆತಂದವನು ಗಂಡ ಧರ್ಣಪ್ಪನೇ. ಊಟ ಮುಗಿಯುವವರೆಗೆ ಮಾತ್ರ ಮಾರಾಯ್ತಿ ಅಂದ, ಮುಖ ನೋಡದೆ ಎಂಜಲೆಲೆ ಎತ್ತಲು ಹೋದ.

ಅವಳ ಬೆನ್ನ ಹಿಂದೆ, ಮೊಣಕಾಲುದ್ದ ನೀರಿನಡಿ, ಅವಳೇ ನೆನೆಸಿ ಬಿತ್ತಿದ ಭತ್ತ ಇತ್ತು. ಮನೆಯಲ್ಲಿ ಬೇರೆ ಬೀಜ ಇಲ್ಲ. ಗದ್ದೆ ಧಣಿಯದು, ಬಾಯಿಮಾತಿನ ಗೇಣಿ. ಈ ಸಲ ನೇಜಿಯ ಸಸಿ ಏಳದಿದ್ದರೆ ಮಣ್ಣು ತುಂಬಿಸಿ ಸೈಟ್ ಮಾಡುತ್ತೇನೆ ಎಂದು ಧಣಿ ಹೇಳಿಯಾಗಿತ್ತು.

ಕೈ ಹಿಂದೆ ಚಾಚಿ ಒಂದು ಹಿಡಿ ಕೆಸರೆತ್ತಿದಳು. ಮೊಳಕೆ ನೂಲಿನ ಹಾಗೆ ಬೆಳ್ಳಗೆ ಉದ್ದಕ್ಕೆ ಎದ್ದಿತ್ತು, ಬೇರು ಇಟ್ಟಿರಲಿಲ್ಲ. ನೀರಡಿ ಸಿಕ್ಕಿದ ಭತ್ತ ಮೊದಲು ಉಸಿರಿಗಾಗಿ ಮೇಲೆ ಚಾಚುತ್ತದೆ. ನೀರು ಇಳಿದರೆ ಮಾತ್ರ ಬೇರು. ಮೂಸಿ ನೋಡಿದಳು. ಹುಳಿನಾತ ಇರಲಿಲ್ಲ. ಜೀವ ಇನ್ನೂ ಉಂಟು, ನಾಳೆಗೆ ಇರುವುದಿಲ್ಲ.

ನೆಂಟರ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಅವಳ ಫೋಟೊ ತೆಗೆದು, ಇದು ಯಾವ ಶಾಸ್ತ್ರ ಎಂದು ಕೇಳಿದಳು. ಧಣಿ ನಕ್ಕ. ನಮ್ಮ ಹಳೆಯ ಆಳು, ಮನೆಯ ಮೇಲೆ ಪ್ರೀತಿ ಅಂದ. ಒಂದು ಎಲೆಯಲ್ಲಿ ಪಾಯಸ ತರಿಸಿ ಅವಳ ಮುಂದೆ ಇಡಿಸಿದ. ಮಳೆಗೆ ಅದು ಕ್ಷಣದಲ್ಲೇ ಕದಡಿ ನೀರಾಯಿತು.

"ಧಣೀ, ಸ್ವಲ್ಪ ನೀರು ಬಿಡುವ. ಬೀಜಕ್ಕೆ ಉಸಿರು ಕಟ್ತದೆ."

"ಕಟ್ಲಿ. ಸತ್ರೆ ನಂಗೆ ಮಣ್ಣಿನ ಲಾರಿ ತರ್ಸುದು ಸುಲಭ. ನೀನು ಅಲುಗಾಡ್ಬೇಡ."

ಅವನು ಪಂಕ್ತಿಯ ಕಡೆ ತಿರುಗಿದ. ಸೇಸಮ್ಮ ಕತ್ತು ತಿರುಗಿಸಿ ಗದ್ದೆ ನೋಡಿದಳು. ಕೈಯಾರೆ ಬಿತ್ತಿದ ಬೀಜದ ಕತ್ತನ್ನು ಇಷ್ಟು ಹೊತ್ತು ಹಿಸುಕುತ್ತಿದ್ದದ್ದು ಅವಳದೇ ಬೆನ್ನು.

ಅವಳು ಎದ್ದು ನಿಂತಳು.

ಕೆಸರು ನೀರು ಒಮ್ಮೆಲೇ ಚಪ್ಪರಕ್ಕೆ ನುಗ್ಗಿತು. ಪಂಕ್ತಿಯಲ್ಲಿ ಕೂತವರು ಸೀರೆ, ಪಂಚೆ ಎತ್ತಿಕೊಂಡು ಎದ್ದರು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳು ನೇತ್ರಾವತಿ ಹೊಳೆಯ ಕಡೆ ಹೊರಟವು. ಧರ್ಣಪ್ಪ ಎಂಜಲೆಲೆ ಹಿಡಿದುಕೊಂಡೇ ನಿಂತುಬಿಟ್ಟ. ಸೇಸಮ್ಮ ಹಿಮ್ಮಡಿಯಿಂದ ಹುಣಿ ಒದ್ದು ಕಂಡಿಯನ್ನು ಇನ್ನಷ್ಟು ಅಗಲ ಮಾಡಿದಳು.

ಧಣಿ ಹಾರೆಯ ಮರದ ಕಾವು ಎತ್ತಿಕೊಂಡು ಹುಣಿ ಹತ್ತಿದ. ಅವಳು ಅವನನ್ನು ನೋಡಲಿಲ್ಲ, ಗದ್ದೆ ನೋಡುತ್ತಿದ್ದಳು. ಮೊದಲ ಪೆಟ್ಟು ಭುಜಕ್ಕೆ ಬಿತ್ತು. ಅವಳು ಕಂಡಿ ಬಿಟ್ಟು ಕದಲಲಿಲ್ಲ. ಗದ್ದೆಯಲ್ಲಿ ನೀರು ಇನ್ನೂ ಪಾದ ಮುಳುಗುವಷ್ಟಿತ್ತು, ಅದೂ ಇಳಿಯಬೇಕಿತ್ತು.