ಬಂತು

ಮಗಳು ಎರಡೂ ಕೈಗಳಿಂದ ಸೊಂಟ ಬಳಸಿ ಹಿಡಿದಿದ್ದರೂ ಅಪ್ಪ ಬಚ್ಚಲ ಗೋಡೆಯ ಕಂಬಿಯನ್ನು ಬಿಡಲೊಲ್ಲ. ಬಲಗೈ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಲಕ್ವ ಹೊಡೆದ ಎಡಗೈ ತನ್ನ ಪಾಡಿಗೆ ತಾನು ಜೋತುಬಿದ್ದಿತ್ತು.

“ಏನಮ್ಮ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ?”

“ಹಿಡ್ಕೊಂಡಿದೀನಲ್ಲಪ್ಪ.”

“ಅದು ನನಗೂ ಗೊತ್ತು. ಹೇಳು ಮತ್ತೆ.”

ಆ ಒಂದು ಮಾತು ಹೇಳುವ ಬದಲು ಅವಳು ಹಿಡಿತವನ್ನು ಇನ್ನಷ್ಟು ಬಿಗಿಮಾಡಿದಳು.

ಅಪ್ಪ ನಲವತ್ತು ವರ್ಷ ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಆಳುಗಳ ಮುಂದಾಳಾಗಿದ್ದವನು. ಅವನ ಕಾನೂನು ಒಂದೇ. ಭಾರ ಕೈ ಬದಲಾಯಿಸುವಾಗ ತೆಗೆದುಕೊಂಡವನು ‘ಬಂತು’ ಅನ್ನಬೇಕು. ಅನ್ನುವ ತನಕ ಕೊಟ್ಟವನು ಬಿಡಬಾರದು. ಹ್ಞೂಂ, ಸರಿ, ಆಯ್ತು, ಯಾವುದೂ ನಡೆಯದು. ಹೊಸ ಆಳೊಬ್ಬ ಬರೀ ತಲೆಯಾಡಿಸಿದ ಅಂತ, ಆಳೆತ್ತರದ ಕನ್ನಡಿಯೊಂದನ್ನು ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕಾಲು ಗಂಟೆ ಹಿಡಿದು ನಿಂತಿದ್ದನಂತೆ. ಆ ಕಾಲು ಗಂಟೆ ಕನ್ನಡಿಯೊಳಗೆ ತನ್ನ ಮೋರೆಯನ್ನೇ ನೋಡಿ ನೋಡಿ ಬೇಜಾರಾಗಿಹೋಯಿತು ಅನ್ನುತ್ತಿದ್ದ. ಕನ್ನಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಕಳೆದ ಭಾನುವಾರ ಇದೇ ಬಚ್ಚಲಲ್ಲಿ, ಇದೇ ಹಿಡಿತದಲ್ಲಿ ಇರುವಾಗ ಬಾಗಿಲ ಬೆಲ್ ಬಾರಿಸಿತ್ತು. ಅವಳು “ಬಂದೆ” ಅಂತ ಕೂಗಿದಳು. ಕಿವಿಯಲ್ಲಿ ಸೋಪಿನ ನೀರು ತುಂಬಿಕೊಂಡಿದ್ದ ಅಪ್ಪನಿಗೆ ಅದು ‘ಬಂತು’ ಅಂತ ಕೇಳಿಸಿ, ಕೈ ಬಿಟ್ಟುಬಿಟ್ಟ. ಇಬ್ಬರೂ ನೆಲಕ್ಕೆ ಬಂದರು. ಅವನ ಮಂಡಿ ತರಚಿತು, ಇವಳ ಮೊಣಕೈ ಊದಿತು. ನೆಲದ ಮೇಲೆ ಕೂತೇ ಅಪ್ಪ, “ಸಾಮಾನೇನೂ ಒಡೆದಿಲ್ಲ” ಅಂದಿದ್ದ. ಅವಳಿಗೆ ನಗು ಬರಲಿಲ್ಲ. ನಾಲ್ಕು ದಿನ ಸ್ನಾನದ ಸುದ್ದಿ ಎತ್ತಲಿಲ್ಲ. ಅಷ್ಟರಲ್ಲಿ ಅಣ್ಣ ಅಪ್ಪನನ್ನು ನೋಡಿಕೊಳ್ಳಲು ಒಬ್ಬ ಆಳನ್ನು ಗೊತ್ತುಮಾಡಿದ. ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಗಿದ್ದ ಅವಳು ಒಪ್ಪಿಕೊಂಡೂ ಬಿಟ್ಟಿದ್ದಳು. ಅಪ್ಪನಿಗೆ ಹೇಳುವುದೊಂದು ಬಾಕಿ.

“ಬಂತು,” ಅಂದಳು ಮೆಲ್ಲಗೆ.

“ಇದೇನು ಗುಟ್ಟಾ?”

“ಬಂತು.”

ಅಪ್ಪ ಕಂಬಿ ಬಿಟ್ಟ. ಅವಳು ಅವನನ್ನು ಅರ್ಧ ಸುತ್ತು ತಿರುಗಿಸಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಳಿಸಿದಳು.

ಮೊದಲ ಚೊಂಬು ಬಲಗಾಲಿಗೆ. ಎಡಗಾಲಿಗೆ ಬಿಸಿ ತಿಳಿಯುತ್ತಿರಲಿಲ್ಲವಾದ್ದರಿಂದ ಅಪ್ಪ ಬಲಗಾಲನ್ನು ‘ಸ್ಯಾಂಪಲ್’ ಅನ್ನುತ್ತಿದ್ದ. “ಪಾಸು,” ಅಂದ. ಭುಜಕ್ಕೆ ಸೋಪು ಹಚ್ಚುವಾಗ ಭಾರ ಹೊರುವ ಹಗ್ಗದ ಪಟ್ಟಿ ಕೂತು ಕೂತು ಗಟ್ಟಿಯಾದ ದಿಣ್ಣೆ ಅವಳ ಬೆರಳಿಗೆ ತಾಗಿತು. ಅವಳು ಟೈಲರು, ಮೈಯ ಅಳತೆ ಕಣ್ಣಿಗೇ ಗೊತ್ತಾಗುತ್ತದೆ. ಸೊಂಟ ಎರಡು ಇಂಚು ಇಳಿದಿತ್ತು, ತೋಳು ಒಂದೂವರೆ. ಆ ದಿಣ್ಣೆ ಮಾತ್ರ ಇದ್ದ ಹಾಗೇ ಇತ್ತು. ಎಷ್ಟು ಮನೆಗಳ ಕಪಾಟು ಇದರ ಮೇಲೆ ಹತ್ತಿಳಿದಿವೆಯೋ.

ಮುಷ್ಟಿಗಟ್ಟಿದ ಎಡಗೈ ಬೆರಳುಗಳನ್ನು ಬಿಡಿಸಹೋದಳು.

“ಎಳೀಬೇಡ. ಸಿಕ್ಕಿಕೊಂಡ ಮೇಜನ್ನ ಯಾರಾದ್ರೂ ಎಳೀತಾರಾ? ಮೊದಲು ಮಣಿಕಟ್ಟು ಒಳಗಡೆ ಬಗ್ಗಿಸು.”

ಬಗ್ಗಿಸಿದಳು. ಬೆರಳುಗಳು ತಾವಾಗಿಯೇ ಸಡಿಲಾದವು. ಡಾಕ್ಟರು ಹೇಳಿಕೊಡದ ಇದನ್ನು ಅಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ಕಂಡುಹಿಡಿದಿದ್ದ; ತನ್ನ ಮೈಯನ್ನೂ ಇಕ್ಕಟ್ಟು ಬಾಗಿಲಿನಿಂದ ದಾಟಿಸಬೇಕಾದ ಒಂದು ಸಾಮಾನೆಂದು ನೋಡಿ. ಅವಳು ಅಂಗೈಯ ಬೆವರುಕೊಳೆಯನ್ನು ತೊಳೆದಳು.

ಆಮೇಲೆ ಸೋಪನ್ನು ಅವನ ಬಲಗೈಗೆ ಕೊಟ್ಟು, ಗೋಡೆ ಕಡೆ ತಿರುಗಿ ನಿಂತಳು.

“ಇದು ನನ್ನ ಇಲಾಖೆ,” ಅಂದ ಅಪ್ಪ, ತೊಡೆಯ ಮೇಲಿನ ಟವೆಲ್ಲಿನ ಕೆಳಗೆ ತೊಳೆದುಕೊಳ್ಳುತ್ತಾ.

ಗೋಡೆ ನೋಡಿಕೊಂಡು ಹೇಳುವುದೇ ಸುಲಭ ಅನ್ನಿಸಿತು. “ಅಪ್ಪ, ಅಣ್ಣ ಒಬ್ಬನ್ನ ಗೊತ್ತುಮಾಡಿದಾನೆ. ನಾಳೆಯಿಂದ ಬರ್ತಾನೆ. ಹಾಸಿಗೆಯಲ್ಲೇ ಒದ್ದೆ ಬಟ್ಟೇಲಿ ಒರೆಸ್ತಾನೆ. ನೀನು ಏಳೋದೇ ಬೇಡ.”

“ಆಳು ಗಟ್ಟಿಯಾಗಿದಾನಾ?”

“ಒಂದೇ ಕೈಲಿ ಎತ್ತುತಾನಂತೆ ನಿನ್ನ.”

“ಭೇಷ್. ನನ್ನ ಲಾರಿಗೆ ಬೇಕಾಗಿತ್ತು ಅಂಥವನು.”

“ಅವನಾದ್ರೆ ಬೀಳಿಸಲ್ಲ ಅಪ್ಪ. ನಾನು ಬೀಳಿಸಿದೆ.”

ನೀರಿನ ಸದ್ದು ನಿಂತಿತು. “ನೀನು ಎಲ್ಲಿ ಬೀಳಿಸಿದೆ? ನಾನು ಬಿಟ್ಟೆ. ಸರಿಯಾಗಿ ಕೇಳಿಸ್ಕೊಳ್ಳದೆ ಬಿಟ್ಟೆ. ನನ್ನ ಆಳು ಯಾರಾದ್ರೂ ಹಾಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ. ಬಾ, ಎಬ್ಬಿಸು.”

ಅವಳು ಮೈ ಒರೆಸಿ, ಅಂಗಿ ತೊಡಿಸಿ, ಪಂಚೆ ಸುತ್ತಿದಳು. ಅಪ್ಪ ಕಂಬಿ ಹಿಡಿದ. ಅವಳು ಮಂಡಿ ಮಡಿಸಿ, ಅಂಗಾಲೂರಿ, ಸೊಂಟ ಬಳಸಿ ಎತ್ತಿದಳು.

“ಬಂತು,” ಅಂದಳು, ಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ.

ಅಪ್ಪ ಬಿಟ್ಟ. ಬಿಟ್ಟದ್ದು ಬರೀ ಕಂಬಿಯನ್ನಲ್ಲ. ಅಷ್ಟು ಹೊತ್ತು ತನ್ನಲ್ಲೇ ಉಳಿಸಿಕೊಂಡಿದ್ದ ಭಾರವನ್ನೆಲ್ಲ ಅವಳ ಮೇಲೆ ಹಾಕಿದ. ಅವಳ ಕಾಲು ಕದಲಲಿಲ್ಲ. ತಿರುಗಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದಳು.

ಬಗ್ಗಿ ಅವನ ಎಡಗಾಲನ್ನು ಕುರ್ಚಿಯ ಪಾದದ ಹಲಗೆಯ ಮೇಲೆ ಎತ್ತಿಟ್ಟಳು.

“ಆದರೂ ನಾಳೆ ಅವನು ಬರ್ಲಿ ಅಪ್ಪ. ಒಂದು ದಿನ ನೋಡೋಣ.”

“ಬೇಡ,” ಅಂದ ಅಪ್ಪ.